ಸಿಂಗನಕಟ್ಟೆಯ ತಲೆಲೆಕ್ಕ

ಸಿಂಗನಕಟ್ಟೆಯಲ್ಲಿ ನಲವತ್ತು ವರ್ಷ ಹೆರಿಗೆ ಮಾಡಿಸಿದವಳು ಹೊಲಗೇರಿಯ ಮಾದಮ್ಮ. ಹಳೇಬೀಡಿನಿಂದ ಮೂರು ಮೈಲಿ ಒಳಗಿರುವ ಈ ಊರಿನಲ್ಲಿ ಯಾರ ಮನೆಯ ಹೆಂಗಸಿಗೆ ನೋವು ಕಾಣಿಸಿಕೊಂಡರೂ ಓಡುತ್ತಿದ್ದದ್ದು ಅವಳ ಗುಡಿಸಲಿಗೇ. ಅವಳನ್ನು ಹಿತ್ತಿಲ ಬಾಗಿಲಿನಿಂದ ಒಳಗೆ ಬಿಡುತ್ತಿದ್ದರು. ಮಗುವನ್ನು ಮೊದಲು ಮುಟ್ಟುವ ಕೈ ಅವಳದು. ಮಗು ಅತ್ತ ಮೇಲೆ ಅವಳು ಹೊರಗೆ ಬರಬೇಕು. ಅವಳು ನಡೆದ ಜಾಗಕ್ಕೆಲ್ಲ ಹಿಂದಿನಿಂದ ಗಂಜಲ ಚಿಮುಕಿಸುತ್ತಿದ್ದರು. ಸೂರಿಗೆ ಸಿಕ್ಕಿಸಿಟ್ಟ ಕರಟವನ್ನು ಅವಳೇ ಇಳಿಸಿಕೊಂಡು ಹಿಡಿದರೆ, ಮುಟ್ಟದಂತೆ ಮೇಲಿನಿಂದ ಅಂಬಲಿ ಹೊಯ್ಯುತ್ತಿದ್ದರು. ನಾನು ಹುಟ್ಟಿದ ದಿನ ನಮ್ಮ ಮನೆಯವರೂ ಹಾಗೆಯೇ ಮಾಡಿದರು. ಬರೆಯಲು ಹೇಸಿಗೆಯಾಗುತ್ತದೆ, ಬಿಟ್ಟರೆ ಸುಳ್ಳಾಗುತ್ತದೆ.

ಊರಿಗೆ ಮಹಾರಾಜರ ಕಾಲದಿಂದಲೂ ಸ್ವಂತ ಪಂಚಾಯಿತಿಯಿತ್ತು. ಅಷ್ಟು ವರ್ಷದಲ್ಲಿ ಅದು ಎರಡು ಲಾಟೀನು ಕಂಬ ನೆಡಿಸಿತ್ತು, ಒಂದು ದನದ ದೊಡ್ಡಿ ಕಟ್ಟಿಸಿತ್ತು, ಒಂದು ರಾಟೆ ಬಾವಿ ತೋಡಿಸಿತ್ತು. ಬಾವಿಯ ಕಟ್ಟೆಯನ್ನು ಕೇರಿಯವರು ಹತ್ತುವಂತಿರಲಿಲ್ಲ. ಅವರು ಕುಡಿಯುತ್ತಿದ್ದದ್ದು ಕೆರೆ ಏರಿಯ ಕೆಳಗಿನ ಗುಂಡಿಯ ನೀರನ್ನು. ಮೇಲೆ ಎಮ್ಮೆಗಳು ಮೈ ತೊಳೆಸಿಕೊಂಡ ನೀರು ಅಲ್ಲಿಗೇ ಜಿನುಗುತ್ತಿತ್ತು. ಸೆಗಣಿಯ ಕೆನೆ ಸರಿಸಿ, ಸೆರಗಿನಲ್ಲಿ ಸೋಸಿ, ಹುಳು ಕೊಡವಿ ಕುಡಿಯಬೇಕು. ಐವತ್ತೊಂಬತ್ತರ ಬೇಸಿಗೆಯಲ್ಲಿ ಮಾದಮ್ಮನ ಮೊಮ್ಮಗ ವಾಂತಿಭೇದಿಯಾಗಿ ಒಂದೇ ಹಗಲಿನಲ್ಲಿ ತೀರಿಕೊಂಡ. ಅಂದಿನಿಂದ ಅವಳಿಗೆ ಇದ್ದದ್ದು ಒಂದೇ ಆಸೆ, ಕೇರಿಗೊಂದು ಬಾವಿ.

ಮಾರನೆಯ ವರ್ಷ ತಾಲ್ಲೂಕಿನಿಂದ ಕಾಗದ ಬಂತು. ಸಾವಿರದ ಐನೂರು ಜನ ಇಲ್ಲದ ಊರುಗಳು ಸ್ವಂತ ಪಂಚಾಯಿತಿ ಕಳೆದುಕೊಳ್ಳುತ್ತವೆ, ಸಿಂಗನಕಟ್ಟೆ ಪಕ್ಕದ ಬಿದರೆಕೊಪ್ಪಲಿಗೆ ಸೇರಬೇಕಾಗುತ್ತದೆ ಎಂದು ಅದರಲ್ಲಿತ್ತು. ಹನ್ನೆರಡು ವರ್ಷದಿಂದ ಚೇರ್ಮನ್ ಆಗಿದ್ದ ನಂಜುಂಡಯ್ಯನವರಿಗೆ ಊಟ ಸೇರಲಿಲ್ಲ. ಜನರನ್ನು ಎಣಿಸುವಂತೆ ಕಾರ್ಯದರ್ಶಿ ಪಾರ್ಥಸಾರಥಿಯವರಿಗೆ ಹೇಳಿದರು.

ಪಾರ್ಥಸಾರಥಿ ಬೇಲೂರಿನವರು, ಶಿಸ್ತಿನ ಮನುಷ್ಯ. ಮನೆಮನೆಯ ಜಗಲಿಯಲ್ಲಿ ಕೂತು ಬರೆದುಕೊಂಡರು. ಆದರೆ ಮಕ್ಕಳನ್ನು ಎಣಿಸಿದರೆ ದೃಷ್ಟಿ ತಾಗುತ್ತದೆಂದು ನಮ್ಮೂರಿನ ತಾಯಂದಿರು ಸರಿಯಾದ ಲೆಕ್ಕ ಹೇಳುವುದಿಲ್ಲ. ಐದು ಹೆತ್ತವಳು ಎರಡು ಅಂದಳು. ಇನ್ನು ಕೇರಿಗೆ ಅವರು ಕಾಲೇ ಇಡಲಿಲ್ಲ. ಹೊರಗಿನ ಹುಣಸೆಮರದಡಿ ನಿಂತು, ಎಷ್ಟು ಜನ ಇದ್ದೀರಿ ಎಂದು ಕೂಗಿ ಕೇಳಿ, ಅಂದಾಜಿನಲ್ಲಿ ನೂರೆಂಬತ್ತು ಎಂದು ಬರೆದರು. ಒಟ್ಟು ಸಾವಿರದ ನಾನೂರ ಅರವತ್ತೆರಡಾಯಿತು. ಮೂವತ್ತೆಂಟು ಜನ ಕಡಿಮೆ.

ಆಗ ನಂಜುಂಡಯ್ಯನವರಿಗೆ ಮಾದಮ್ಮನ ನೆನಪಾಯಿತು. ಊರಿನ ಹುಟ್ಟುಸಾವೆಲ್ಲ ಅವಳಿಗೆ ಬಾಯಿಪಾಠ. ಕರೆಸಿ ಅಂಗಳದಲ್ಲಿ ನಿಲ್ಲಿಸಿ, ಲೆಕ್ಕ ಸರಿಮಾಡಿಕೊಟ್ಟರೆ ಕೇರಿಗೆ ಬಾವಿ ತೋಡಿಸುವುದಾಗಿ ಎಲ್ಲರೆದುರು ಮಾತು ಕೊಟ್ಟರು.

ಎರಡು ಮಧ್ಯಾಹ್ನ ಬಿಸಿಲಿನಲ್ಲಿ ನಿಂತು ಮಾದಮ್ಮ ಮನೆಮನೆಯ ಲೆಕ್ಕ ಒಪ್ಪಿಸಿದಳು. ಯಾವ ಸುಗ್ಗಿಯಲ್ಲಿ ಯಾರು ಹುಟ್ಟಿದರು, ಯಾವುದು ಉಳಿಯಲಿಲ್ಲ, ಯಾವ ಮಗಳು ಗಂಡನ ಮನೆಗೆ ಹೋದಳು, ಎಲ್ಲ. ಪಂಚಾಯಿತಿಯ ಸದಸ್ಯರೊಬ್ಬರು ತಮ್ಮ ಮನೆಯಲ್ಲಿ ಎರಡೇ ಮಕ್ಕಳೆಂದು ಹಟ ಹಿಡಿದಾಗ ಅವಳು ಕೇಳಿದಳು:

"ಮಿಕ್ಕ ಮೂರನ್ನ ನಾನೇನು ಮಡ್ಲಲ್ಲಿ ಕಟ್ಕಂಡು ಮನೀಗೆ ಹೋದ್ನಾ ಬುದ್ಧಿ?"

ಜಗಲಿಯಲ್ಲಿದ್ದವರು ನಕ್ಕರು. ಹೀಗೆ ಊರಿನೊಳಗೆ ಮೂವತ್ತೊಂದು ಮಕ್ಕಳು ಹೆಚ್ಚಿದವು. ಕೇರಿಯಲ್ಲಿ ನೂರೆಂಬತ್ತಲ್ಲ, ಇನ್ನೂರ ಹದಿನೆಂಟು. ಪಾರ್ಥಸಾರಥಿ ಅವಳ ಮನೆಯ ಹೆಸರು ಬರೆಯುವಾಗ ತೀರಿಕೊಂಡ ಮೊಮ್ಮಗನದನ್ನೂ ಸೇರಿಸಲು ಹೋದರು. ಅವನು ಬೇಡವೆಂದು ಅವಳೇ ತೆಗೆಸಿದಳು. ಲೆಕ್ಕ ಸಾವಿರದ ಐನೂರ ಮೂವತ್ತೊಂದಕ್ಕೆ ನಿಂತಿತು. ಜಗಲಿಯಲ್ಲಿ ಕಾಫಿ ಹಂಚಿದರು. ಅಂಗಳಕ್ಕೆ ಯಾರೂ ತರಲಿಲ್ಲ.

ಆ ತಿಂಗಳ ಸಭೆಯಲ್ಲಿ ಬಾವಿಗೆ ಒಪ್ಪಿಗೆಯಾಯಿತು. ಕಾಗದದಲ್ಲಿ ಅದು ಕೇರಿಯ ಬಾವಿ. ಗುದ್ದಲಿ ಬಿದ್ದದ್ದು ಮಾತ್ರ ನಂಜುಂಡಯ್ಯನವರ ತೆಂಗಿನ ತೋಟದೊಳಗೆ, ಬೇಲಿಯಿಂದ ಹತ್ತು ಮಾರು ಒಳಕ್ಕೆ. ಮಾದಮ್ಮ ಬೇಲಿಯ ಹೊರಗೆ ನಿಂತು ಇದೇನೆಂದು ಕೇಳಿದಳು.

"ಕೇರಿ ಮಗ್ಗುಲಲ್ಲೇ ಐತಲ್ಲೇ ಮಾದಿ," ಎಂದರು ನಂಜುಂಡಯ್ಯ. "ಮಡಕೆ ತಂದು ಬೇಲಿ ತಾವ ನಿಂತ್ಕಳ್ಳಿ. ಆಳು ಬಿಡುವಾದಾಗ ಹೊಯ್ತಾನೆ."

ಅವರು ಇದನ್ನು ಉಪಕಾರವೆಂದೇ ತಿಳಿದಿದ್ದರು. ನನಗೆ ಎಲ್ಲಕ್ಕಿಂತ ವಾಕರಿಕೆ ತರುವುದು ಅದೇ.

ಹದಿನೈದು ದಿನದ ಮೇಲೆ ಲೆಕ್ಕ ತಾಳೆ ನೋಡಲು ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ನಂಜುಂಡಯ್ಯ ಪಂಚಾಯಿತಿಯ ಚರಿತ್ರೆಯನ್ನೆಲ್ಲ ಹೇಳಿ, ಎಳನೀರು ಕೊಟ್ಟು, ಪಟ್ಟಿ ಮುಂದಿಟ್ಟರು. ಇಷ್ಟು ಮಕ್ಕಳು ಹೇಗೆ ಹೆಚ್ಚಿದವೆಂದು ಅಧಿಕಾರಿ ಕೇಳಿದಾಗ, ಸಾಕ್ಷಿಗೆಂದು ಮಾದಮ್ಮನನ್ನೇ ಕರೆಸಿದರು. ಅವಳು ಅಂಗಳದಲ್ಲಿ ನಿಂತು, ಊರಿನ ಲೆಕ್ಕ ಸರಿಯಾಗಿದೆ ಎಂದಳು. ಆಮೇಲೆ ಹೇಳಿದಳು:

"ನಮ್ಮ ಕೇರೀದು ಇನ್ನೂರ ಹದಿನೆಂಟು ತಗುದ್ಬುಡಿ ಸ್ವಾಮಿ. ತಲೆ ಎಣಿಸೋವಾಗ ನಾವು ಈ ಊರೋರು, ನೀರು ಸೇದೋವಾಗ ಅಲ್ಲ. ನಮ್ಮನ್ನ ಬಿದರೆಕೊಪ್ಪಲಿಗೇ ಸೇರ್ಸಿ."

ಬಾಯಿಮಾತಿನಲ್ಲಿ ಜನರನ್ನು ತೆಗೆಯಲು ಬರುವುದಿಲ್ಲ, ಅರ್ಜಿ ಬೇಕು ಎಂದರು ಅಧಿಕಾರಿ. ನಂಜುಂಡಯ್ಯ ಅವಳನ್ನು ಪಕ್ಕಕ್ಕೆ ಕರೆದು, ಬಾವಿ ಕೇರಿಯ ಕಡೆಗೆ ಬರುವಂತೆ ಬೇಲಿಯನ್ನೇ ಹಿಂದಕ್ಕೆ ಸರಿಸುವುದಾಗಿ ಹೇಳಿದರು. ಅವಳು ಕೇರಿಯ ಕಡೆ ನಡೆದಳು. ಸಂಜೆಯೊಳಗೆ ಕೇರಿಯ ಎಲ್ಲ ದೊಡ್ಡವರ ಹೆಬ್ಬೆಟ್ಟು ಬಿದ್ದ ಅರ್ಜಿ ಜೀಪು ತಲುಪಿತು.

ಊರಿಗೆ ಸಾವಿರದ ಮುನ್ನೂರ ಹದಿಮೂರು ಜನ ಉಳಿದರು. ಪಂಚಾಯಿತಿ ಹೋಯಿತು, ಊರೂ ಕೇರಿಯೂ ಬಿದರೆಕೊಪ್ಪಲಿಗೆ ಸೇರಿದವು. ಬೋರ್ಡು ಇಳಿಸಿದ ದಿನ ಹಿರಿಯರು ಸಾವಿಗೆ ಅಳುವಂತೆ ಅತ್ತರು. ಗುಂಡಿಯ ನೀರು ಕುಡಿದು ಸತ್ತ ಮಗುವಿಗೆ ಅವರಲ್ಲಿ ಒಬ್ಬರೂ ಅತ್ತದ್ದನ್ನು ಯಾರೂ ಕಂಡಿಲ್ಲ. ಮಾದಮ್ಮನಿಗೆ 'ಊರು ಮುಳುಗಿಸಿದವಳು' ಎಂಬ ಹೆಸರು ಬಂತು.

ಬಿದರೆಕೊಪ್ಪಲಿನವರೂ ಎರಡು ವರ್ಷ ಅಲೆದಾಡಿಸಿದರು. ಅರವತ್ತೆರಡರ ಮಾಘದಲ್ಲಿ ಕೇರಿಯ ನಡುವೆಯೇ ಬಾವಿ ತೋಡಿದರು. ಹಗ್ಗ ಇಳಿಬಿಟ್ಟು ಮಾದಮ್ಮ ತಾನೇ ಮೊದಲ ಕೊಡ ಸೇದಿ, ಬೊಗಸೆಯಲ್ಲಿ ಕುಡಿದಳು.

"ಉಪ್ಪುಪ್ಪು ಐತೆ," ಎಂದು ಸೊಸೆಗೆ ಹೇಳಿ, ಇನ್ನೊಂದು ಬೊಗಸೆ ತುಂಬಿಕೊಂಡಳು.