ಮನಿಲಾದಲ್ಲಿ ಬಾರಿಸಿದ ಡೋಲಕ್

ಅಂಚೆಯವನು ಚಪ್ಪಟೆ ಪೆಟ್ಟಿಗೆಯೊಂದನ್ನು ಕೈಗೆ ಕೊಟ್ಟರೆ ಬಿಚ್ಚುವ ಮೊದಲು ನಾನು ಅದನ್ನು ಮೂಸಿ ನೋಡುತ್ತೇನೆ. ಮೊನ್ನೆಯೂ ಹಾಗೇ ಮಾಡಿದೆ. ಹಳೆಯ ರೆಕಾರ್ಡಿನ ಹೊದಿಕೆಗೆ ಒಂದು ವಾಸನೆಯಿದೆ. ನೆನೆದು ಒಣಗಿದ ರಟ್ಟು, ಎಂದೋ ಸತ್ತ ಜಿರಲೆ, ಯಾರದೋ ಮನೆಯ ಬೀರು. ಆ ವಾಸನೆ ಬರದಿದ್ದರೆ ಈಚೆಗೆ ಅಚ್ಚು ಹಾಕಿ ಹಳೆಯದೆಂದು ಸಾಗಹಾಕುವ ಮಾಲು ಎಂದು ತಿಳಿಯಬೇಕು. ಚಿತ್ತವಾಡ್ಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ನಿಂತು ನಾನು ಹೀಗೆ ಮೂಸುವುದು ನನ್ನ ಹೆಂಡತಿಗೆ ಸೇರುವುದಿಲ್ಲ. ಮೂಸುವುದಿದ್ದರೆ ಒಳಗೆ ಬಂದು ಮೂಸಿ, ಓಣಿಯ ಮಂದಿ ನೋಡುತ್ತಾರೆ ಎನ್ನುತ್ತಾಳೆ.

ತಪ್ಪು ನನ್ನದಲ್ಲ, ಕಸುಬಿನದು. ಸಂಡೂರಿನ ಗಣಿಯೊಂದರ ಪ್ರಯೋಗಾಲಯದಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದವನು ನಾನು. ಲಾರಿಯಲ್ಲಿ ಬಂದ ಅದಿರನ್ನು ನೋಡಿ, ಇದರಲ್ಲಿ ಹೇಳಿದಷ್ಟು ಕಬ್ಬಿಣವಿಲ್ಲ ಎಂದು ಅನುಮಾನಿಸುವುದಕ್ಕೇ ನನಗೆ ಸಂಬಳ. ಮೇಲೆ ಒಳ್ಳೆಯ ಅದಿರು ಹರಡಿ ಕೆಳಗೆ ಬರೀ ಕೆಂಪು ಮಣ್ಣು ತುಂಬಿ ತರುವವರನ್ನು ಬೇಕಾದಷ್ಟು ನೋಡಿದ್ದೇನೆ. ನಿವೃತ್ತನಾದ ಮೇಲೆ ಲಾರಿಗಳು ಹೋದವು, ಅನುಮಾನ ಉಳಿಯಿತು. ಹಾಲಿನವನು, ಡಾಕ್ಟರು, ಅಳಿಯ, ಯಾರನ್ನೂ ಬಿಟ್ಟಿಲ್ಲ. ನೀವು ದೂರದಲ್ಲಿದ್ದೀರಿ, ಬಚಾವಾದಿರಿ.

ಆದರೆ ನಮ್ಮ ಮನೆತನದಲ್ಲಿ ಅನುಮಾನಕ್ಕೆ ಹಿರಿಯಳೆಂದರೆ ಕಂಪ್ಲಿಯ ಚಿಕ್ಕಮ್ಮ. ಆಕೆಯ ಅನುಮಾನವೆಲ್ಲ ಚಿಕ್ಕಪ್ಪನ ಮೇಲೆ. ಆತ ಮೊದಲು ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮಿಸ್ತ್ರಿಯಾಗಿದ್ದ. ಅಲ್ಲಿಂದ ಸಂಡೂರಿನ ಗಣಿಯ ವರ್ಕ್‌ಶಾಪಿಗೆ, ಅಲ್ಲಿಂದ ಅದಿರಿನ ಬೆನ್ನು ಹತ್ತಿ ಬಂದರಿಗೆ, ಕೊನೆಗೆ ಅದಿರು ಹೊರುವ ಹಡಗಿನ ಎಂಜಿನ್ ರೂಮಿಗೆ ಹೋದ. ಹೋಗುವಾಗ ಭಜನೆಯಲ್ಲಿ ಬಾರಿಸುತ್ತಿದ್ದ ಡೋಲಕ್ಕನ್ನೂ ಹೊತ್ತುಕೊಂಡು ಹೋದ. ಒಂದು ಸಲ ಹಡಗು ಕೆಟ್ಟು ಫಿಲಿಪೈನ್ಸಿನ ಮನಿಲಾದಲ್ಲಿ ನಿಂತಿತು. ತಿಂಗಳುಗಟ್ಟಲೆ ಊರಿಗೆ ಸುದ್ದಿಯಿಲ್ಲ. ಬಂದವನು ಒಂದು ಕಥೆ ಹೇಳಿದ. ಬಂದರಿನ ಹೋಟೆಲೊಂದರಲ್ಲಿ ಹಾಡುವ ತಂಡದವರು ತನ್ನ ಕೈ ಮೆಚ್ಚಿ ಸ್ಟುಡಿಯೋಕ್ಕೆ ಕರೆದೊಯ್ದರಂತೆ, ಒಂದು ರೆಕಾರ್ಡಿನಲ್ಲಿ ತಾನು ಡೋಲಕ್ ಬಾರಿಸಿದನಂತೆ. ಎಲ್ಲಿ ರೆಕಾರ್ಡು ಎಂದರೆ, ಅಚ್ಚಾಗುವ ಮೊದಲೇ ಹಡಗು ಹೊರಟಿತು ಎಂದ. ಕೇಳಿದವರೆಲ್ಲ ನಕ್ಕರು. ಚಿಕ್ಕಮ್ಮ ನಗಲಿಲ್ಲ.

ನಮ್ಮಲ್ಲಿಯ ಹಾಗೆ ಆ ಊರಿನಲ್ಲೂ ಮಲ್ಲಿಗೆ ಮಾಲೆ ಮಾರುತ್ತಾರೆ ಎಂದು ಚಿಕ್ಕಪ್ಪ ಒಮ್ಮೆ ಊಟದ ನಡುವೆ ಹೇಳಿಬಿಟ್ಟ. ಚಿಕ್ಕಮ್ಮ ಸಾರಿನ ಸೌಟನ್ನು ಪಾತ್ರೆಗೇ ವಾಪಸು ಹಾಕಿದಳು.

"ಯಾರ ಸಲುವಾಗಿ ಕೊಂಡಿದ್ರಿ?" ಎಂದಳು.

ಚಿಕ್ಕಪ್ಪನಿಗೆ ಅಂದು ಅನ್ನಕ್ಕೆ ಸಾರು ಬೀಳಲಿಲ್ಲ. ಹಲ್ಲುಜ್ಜುವಾಗ, ಸೈಕಲ್ ತುಳಿಯುವಾಗ ಆತ ಗುನುಗುತ್ತಿದ್ದ ಹಾಡೊಂದರಲ್ಲಿ 'ಮಹಲ್, ಮಹಲ್' ಎಂದು ಮತ್ತೆ ಮತ್ತೆ ಬರುತ್ತಿತ್ತು. ಅಲ್ಲಿ ಯಾವಳಿಗೋ ಮಹಲು ಕಟ್ಟಿಸಿಕೊಟ್ಟು ಬಂದಿದ್ದಾನೆ ಎಂದು ಚಿಕ್ಕಮ್ಮ ತೀರ್ಮಾನಿಸಿದಳು. ಕಂಪ್ಲಿಯ ಮನೆಯ ಮಾಳಿಗೆ ಸೋರುತ್ತಿದ್ದ ಕಾಲವದು. ಆಕೆಯ ಸಿಟ್ಟು ನಿಮಗೂ ಅರ್ಥವಾದೀತು. ಚಿಕ್ಕಪ್ಪ ಮತ್ತೆ ಹಡಗು ಹತ್ತಲಿಲ್ಲ. ಗಿರಣಿಗೆ ಮರಳಿದ. ಡೋಲಕ್ಕನ್ನು ಅಟ್ಟಕ್ಕೆ ಏರಿಸಿದ, ಭಜನೆಗೆ ಹೋಗುವುದನ್ನು ಬಿಟ್ಟ, ಮನಿಲಾದ ಮಾತನ್ನೂ ಬಿಟ್ಟ. ಗುನುಗುವುದನ್ನು ಯಾವಾಗ ಬಿಟ್ಟನೋ ನಮಗೆ ಗೊತ್ತೇ ಆಗಲಿಲ್ಲ. ಆತ ತೀರಿಕೊಂಡು ಬಹಳ ವರ್ಷವಾಯಿತು.

ನಾನೂ ಮರೆತಿದ್ದೆ. ಹಂಪಿಯಲ್ಲಿ ಹೊಳೆಯಾಚೆ ವಿದೇಶಿಯರಿಗೆ ಕೋಣೆ ಕೊಡುತ್ತಿದ್ದ ಪರಿಚಯದವರೊಬ್ಬರು ಆ ವ್ಯವಹಾರ ಮುಚ್ಚುವಾಗ, ಸೂಟ್‌ಕೇಸಿನಂಥ ಒಂದು ರೆಕಾರ್ಡ್ ಪ್ಲೇಯರನ್ನೂ ಪ್ರವಾಸಿಗಳು ಬಿಟ್ಟುಹೋದ ಒಂದಷ್ಟು ರೆಕಾರ್ಡುಗಳನ್ನೂ ನನಗೆ ದಾಟಿಸಿದರು. ಒಂದರ ಮೂಲೆಯಲ್ಲಿ ಮನಿಲಾ ಎಂದು ಅಚ್ಚಾಗಿತ್ತು. ಹಾಕಿದೆ. ಗಿಟಾರು, ಪಿಟೀಲು, ಅವುಗಳ ನಡುವೆ ಒಬ್ಬ ಹೆಂಗಸಿನ ದನಿ. ಎರಡನೆಯ ಸಾಲಿನಲ್ಲಿ ಆಕೆ 'ಮಹಲ್' ಎಂದಾಗ ನಾನು ಕುರ್ಚಿಯಿಂದ ಎದ್ದು ನಿಂತೆ.

ಅಲ್ಲಿಂದ ಹಿಡಿದ ಗೀಳು ಇನ್ನೂ ಬಿಟ್ಟಿಲ್ಲ. ಮನಿಲಾದಲ್ಲಿ ಹಳೆಯ ರೆಕಾರ್ಡು ಮಾರುವ ರೊಸಾರಿಯೋ ಎಂಬ ಹೆಂಗಸು ಇಂಟರ್ನೆಟ್ಟಿನಲ್ಲಿ ಸಿಕ್ಕಳು. ಮೊದಲು ಆಕೆ ಗಂಡಸಿರಬೇಕೆಂದು ಅನುಮಾನಿಸಿದೆ, ಆಮೇಲೆ ಕಳ್ಳಿಯೆಂದು. ರೆಕಾರ್ಡನ್ನು ಬೆಳಕಿಗೆ ಹಿಡಿದು ವಿಡಿಯೋದಲ್ಲಿ ತೋರಿಸು, ಇನ್ನೊಂದು ಮಗ್ಗುಲು ತಿರುಗಿಸು ಎಂದು ಪೀಡಿಸಿದೆ. ಆಕೆ ಬೇಸರಿಸದೆ ತಿರುಗಿಸಿದಳು. ಇಷ್ಟು ತಾಳ್ಮೆಯಿದ್ದರೆ ಏನೋ ಮಸಲತ್ತು ಇರಬೇಕೆಂದು ಮತ್ತೂ ಅನುಮಾನಿಸಿದೆ. ಅವರ ಕಡೆ ಹಳೆಯ ಪ್ರೇಮಗೀತೆಗಳ ಒಂದು ಬಗೆಗೆ ಕುಂಡಿಮಾನ್ ಎನ್ನುತ್ತಾರೆ. ಮೂರು ಪೆಟ್ಟಿನ ಮೇಲೆ ತೂಗುತ್ತ, ಅಳುತ್ತ ಶುರುವಾಗಿ, ಕೊನೆಗೆ ಮೋಡ ಸರಿದು ಬಿಸಿಲು ಬಿದ್ದಂತೆ ಆಗುವ ಹಾಡು. ಎಷ್ಟೇ ಚೆಂದವಿದ್ದರೂ ಅದರ ಹೆಸರನ್ನು ನಮ್ಮಲ್ಲಿ ಗಟ್ಟಿಯಾಗಿ ಹೇಳುವಂತಿಲ್ಲ; ಒಮ್ಮೆ ಬೀಗರ ಮುಂದೆ ಹೇಳಿ ಹೆಂಡತಿಯಿಂದ ಬೈಸಿಕೊಂಡಿದ್ದೇನೆ. 'ಮಹಲ್' ಎಂದರೆ ಅರಮನೆಯಲ್ಲ, ಪ್ರೀತಿ ಎಂದು ತಿಳಿಸಿದವಳೂ ರೊಸಾರಿಯೋ. ತುಟ್ಟಿ ಎಂಬ ಅರ್ಥವೂ ಅದಕ್ಕಿದೆಯಂತೆ. ಈ ಸುದ್ದಿ ಕಂಪ್ಲಿಗೆ ಮುಟ್ಟದಿರುವುದೇ ಕ್ಷೇಮ ಎನಿಸಿತು. ಮಹಲಾದರೆ ಬರೀ ಇಟ್ಟಿಗೆ ಸುಣ್ಣದ್ದು.

ನಮ್ಮ ಕಡೆಯ ಡೋಲಕ್ ಇರುವ ಹಾಡೊಂದು ಸಿಕ್ಕರೆ ತಿಳಿಸು ಎಂದು ಆಕೆಗೆ ಹೇಳಿಯೇ ಇದ್ದೆ. ಸಿಗುವುದಿಲ್ಲವೆಂಬ ಭರವಸೆ ನನಗಿತ್ತು. ಹೋದ ಬೇಸಿಗೆಯಲ್ಲಿ ಸಿಕ್ಕಿತು. ಹೊದಿಕೆಯ ಮೇಲೆ ಕೊಡೆ ಹಿಡಿದು ಮೆಟ್ಟಿಲ ಮೇಲೆ ನಿಂತ ಗಾಯಕಿ. ಹಿಂಬದಿಯಲ್ಲಿ ವಾದ್ಯದವರ ಹೆಸರುಗಳು; ಡೋಲಿನ ಎದುರಿಗೆ ಮಾತ್ರ 'ಬುಂಬಾಯ್' ಎಂದಷ್ಟೇ ಇತ್ತು. ಅಲ್ಲಿನವರಿಗೆ ಭಾರತದವರೆಲ್ಲ ಬುಂಬಾಯ್‌ಗಳೇ ಎಂದು ರೊಸಾರಿಯೋ ವಿವರಿಸಿದಳು. ಹಾಗಾದರೆ ಅವನು ಯಾವ ಪಂಜಾಬಿಯೂ ಆಗಿರಬಹುದಲ್ಲ ಎಂದುಕೊಂಡೆ. ಡೋಲಕ್ಕಿನ ಸದ್ದು ಕಿವಿಗೆ ಇಂಪಾಗಿತ್ತು, ಆದರೆ ಇಂಪು ಪುರಾವೆಯಲ್ಲ.

ಪ್ಲೇಯರನ್ನು ಕೈಯಲ್ಲಿ ಹಿಡಿದು ಕಂಪ್ಲಿಯ ಬಸ್ಸು ಹತ್ತಿದೆ. ಚಿಕ್ಕಮ್ಮನಿಗೆ ಏನೂ ಹೇಳಲಿಲ್ಲ. ಮಾದರಿ ಎಲ್ಲಿಯದೆಂದು ತಿಳಿಸದೆ ಪರೀಕ್ಷೆಗೆ ಕೊಡುವುದು ನಮ್ಮ ಪದ್ಧತಿ. ಆಕೆ ಗೋಡೆಗೆ ಒರಗಿ ಶೇಂಗಾ ಸುಲಿಯುತ್ತಿದ್ದಳು. ಹೊಸ ಪೆಟ್ಟಿಗೆ, ಹಳೆಯ ಹಾಡು, ಕೇಳು ಎಂದಷ್ಟೇ ಹೇಳಿ ಸೂಜಿ ಇಳಿಸಿದೆ. ಒಂದು ಚರಣ ಮುಗಿಯಿತು. ಡೋಲಕ್ಕು ಚರಣದ ಕೊನೆಗೆ ಬಿರುಸಾಗಿ ಓಡಿ ನಿಂತಿತು. ಚಿಕ್ಕಮ್ಮ ಶೇಂಗಾದ ಮೊರವನ್ನು ಪಕ್ಕಕ್ಕೆ ಸರಿಸಿ, ಬಲಗೈಯ ಉಂಗುರದ ಬೆರಳನ್ನು ಮಡಿಸಿ, ಉಳಿದ ಬೆರಳುಗಳಿಂದ ನೆಲದ ಮೇಲೆ ಅದೇ ಓಟವನ್ನು ತಟ್ಟಿದಳು.

"ಉಂಗುರದ ಬೆರಳು ಬೀಳವಲ್ದು ನೋಡು," ಎಂದಳು. "ಗಿರಣಿ ಬೆಲ್ಟಿಗೆ ಸಿಕ್ಕು ಸೊಟ್ಟ ಆಗಿತ್ತು. ಅವ್ರ ಕೈನ ಇದು."

ನಾನು ಮತ್ತೆ ಹಾಕಿದೆ. ಪ್ರತಿ ಚರಣದ ಕೊನೆಗೂ ಆ ಓಟದಲ್ಲಿ ಒಂದು ಪೆಟ್ಟಿನ ಜಾಗ ಖಾಲಿ ಬೀಳುತ್ತಿತ್ತು, ಎಡಗೈ ಗುಂ ಎಂದು ಅದನ್ನು ಮುಚ್ಚುತ್ತಿತ್ತು. ಗೀರು ಹುಡುಕುವ ನನ್ನ ಕಿವಿಗೆ ಅದು ದಕ್ಕಿರಲಿಲ್ಲ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟು ವರ್ಷ ನಂಬದೆ ಹೋದೆನಲ್ಲ ಎಂದು ಅತ್ತಾಳು, ಸಮಾಧಾನ ಹೇಳಬೇಕಾದೀತು ಎಂದು ನಾನು ಮಾತು ಕೂಡಿಸಿಕೊಳ್ಳುತ್ತಿದ್ದೆ.

"ಹಂಗಾರ ಖರೇನ ಹೇಳಿದ್ರು," ಎಂದಳು. ಮತ್ತೊಮ್ಮೆ ಹಾಕು ಎಂದು ಸನ್ನೆ ಮಾಡಿ ಪೆಟ್ಟಿಗೆಯ ಹತ್ತಿರ ಸರಿದು ಕೂತಳು. ಈ ಸಲ ಆಕೆಯ ಕಿವಿ ಡೋಲಕ್ಕಿನ ಕಡೆ ಇರಲಿಲ್ಲ.

"ಹಾಡಾಕಿ ಯಾರು? ಆಕಿ ಉಸಿರು ತಗೊಳ್ಳಾಕ ಸರಿಯಾಗಿ ಇವ್ರ ಕೈ ನಿಂದರತೈತಿ. ಮಗ್ಗಲದಾಗ ಕುಂತಿರಬೇಕು."

ಸ್ಟುಡಿಯೋದಲ್ಲಿ ಹಾಡುವವರನ್ನೂ ಬಾರಿಸುವವರನ್ನೂ ದೂರ ದೂರ ಕೂಡಿಸುತ್ತಾರೆ ಎಂದು ನಾನು ವಿವರಿಸಿದೆ. ನಾನು ಲಾರಿ ಚಾಲಕರನ್ನು ಹೇಗೆ ನೋಡುತ್ತಿದ್ದೆನೋ ಹಾಗೆ ಆಕೆ ನನ್ನನ್ನು ನೋಡಿದಳು. ಚಾ ಕುಡಿದು ಹೊರಡುವಾಗ ರೆಕಾರ್ಡನ್ನು ಎತ್ತಿಕೊಳ್ಳಲು ಹೋದರೆ ನನ್ನ ಕೈ ಹಿಡಿದಳು.

"ಇದನ್ನ ಒಯ್ಯಬ್ಯಾಡ, ತಮ್ಮಾ. ಇಲ್ಲೇ ನನ್ನ ಕಣ್ಣ ಮುಂದ ಇರ್ಲಿ."

ಚಿಕ್ಕಪ್ಪನ ಹೆಸರು ಎಲ್ಲಿದೆ ಎಂದು ಕೇಳಿದಳು. ಹೆಸರಿಲ್ಲ, ಇದು ಅವನೇ ಎಂದು 'ಬುಂಬಾಯ್' ಎಂಬ ಆ ಪದ ತೋರಿಸಿದೆ. ಅದರ ಮೇಲೆ ಒಮ್ಮೆ ಬೆರಳಾಡಿಸಿ ಹೊದಿಕೆಯನ್ನು ದೇವರ ಗೂಡಿನ ಪಕ್ಕ ನಿಲ್ಲಿಸಿದಳು, ಕೊಡೆಯ ಹೆಂಗಸಿನ ಮುಖ ಗೋಡೆಗೆ ಬರುವಂತೆ.

ಈಗಲೂ ಅದು ಅಲ್ಲಿಯೇ, ಹಾಗೆಯೇ ಇದೆ. ಅಮಾವಾಸ್ಯೆಗೊಮ್ಮೆ ಪ್ಲೇಯರನ್ನು ಕಂಪ್ಲಿಗೆ ಒಯ್ಯುತ್ತೇನೆ. ಆಕೆ ಕೇಳುತ್ತಾಳೆ, ಪ್ರತಿ ಸಲವೂ ಗಾಯಕಿಯ ಮೇಲೆ ಹೊಸದೊಂದು ದೂರು ಹೊರಿಸುತ್ತಾಳೆ, ಇನ್ನೊಂದು ಸಲ ಹಾಕು ಎನ್ನುತ್ತಾಳೆ. ನಾನೂ ಈಗ ಹಾಡಿನ ಹಿಂದೆ ಹೆಸರಿಲ್ಲದೆ ಕೂತವರ ಕಡೆಗೆ ಕಿವಿ ಕೊಡುತ್ತೇನೆ, ಅವರು ಯಾವ ಊರಿನವರೋ, ಮನೆಗೆ ಹೋಗಿ ಹೇಳಿದಾಗ ಯಾರಾದರೂ ನಂಬಿದರೋ ಎಂದು. ಮೊನ್ನೆ ಬಂದ ರೆಕಾರ್ಡಿನಲ್ಲಿ ಹಾಡು ಮುಗಿದ ಮೇಲೆ ಯಾರೋ ಸಣ್ಣಗೆ ಕೆಮ್ಮುತ್ತಾರೆ. ಅದನ್ನು ಮಾತ್ರ ನಾನು ಅನುಮಾನಿಸಿಲ್ಲ.