ಎರಡನೆಯ ಥಪ್ಪಿಯ ಸೀರೆ

ಇದನ್ನು ಹೇಳುವುದನ್ನು ನಾನು ಎಷ್ಟೋ ಸಲ ಮುಂದಕ್ಕೆ ಹಾಕಿದ್ದೇನೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯೋಣ ಅಂದುಕೊಂಡೆ. ತೆಗೆಸಿದ್ದಾಯಿತು. ಮೊಮ್ಮಗಳ ಮದುವೆ ಮುಗಿಯಲಿ ಅಂದೆ. ಅದೂ ಮುಗಿಯಿತು. ಈಗ ನೆಪ ಉಳಿದಿಲ್ಲ. ಆದರೂ ಬೆಳಿಗ್ಗೆ ಹಾಳೆ ಎದುರಿಗಿಟ್ಟುಕೊಂಡು ಕುಳಿತವನು ಎದ್ದು ಹೊರಗೆ ಹೋಗಿ ಬಂದೆ. ಮೊದಲು ಹಾಲು ತರಲು ಹೋದೆ, ಆಮೇಲೆ ಸುಮ್ಮನೆ ಹೋದೆ.

ನಾನು ಮೆಟ್ರಿಕ್‌ತನಕ ಓದಿದವನು. ಇಳಕಲ್ಲಿನಲ್ಲಿ ಒಬ್ಬ ಸೀರೆ ಸಾವಕಾರರ ಅಂಗಡಿಯಲ್ಲಿ ವಯಸ್ಸಾಗುವತನಕ ದುಡಿದೆ. ನನ್ನ ಕೆಲಸ ಸೀರೆ ನೋಡುವುದು. ನೇಕಾರರು ತಂದ ಸೀರೆಯನ್ನು ಗಾದಿಯ ಮೇಲೆ ಬಿಚ್ಚಬೇಕು, ದಡಿಯನ್ನು, ಅಂದರೆ ಅಂಚನ್ನು, ಹಿಡಿದು ಜಗ್ಗಬೇಕು, ಒಡಲ ಮೇಲೆ ಅಂಗೈ ಆಡಿಸಬೇಕು, ಕೊನೆಗೆ ಸೆರಗಿನ ಕೊಂಡಿಯ ಮೇಲೆ ಹೆಬ್ಬೆರಳು ಒತ್ತಬೇಕು. ನಮ್ಮ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಎರಡರ ಎಳೆಗಳನ್ನು ಮಗ್ಗಕ್ಕೆ ಏರಿಸುವ ಮುಂಚೆ ಒಂದರೊಳಗೊಂದು ಸಿಕ್ಕಿಸಿ ಕೂಡಿಸುತ್ತಾರೆ. ಆ ಕೂಡಿಕೆಗೇ ಕೊಂಡಿ ಅನ್ನುವುದು. ಅದು ಸಡಿಲಾದರೆ ನಾಲ್ಕು ಒಗೆತಕ್ಕೆ ಸೀರೆ ಅಲ್ಲಿಯೇ ಬಾಯಿ ಬಿಡುತ್ತದೆ. ಎಲ್ಲ ನೋಡಿ, ಚಲೋದನ್ನು ಮೊದಲನೆಯ ಥಪ್ಪಿಯ ಮೇಲೆ, ಕಡಿಮೆಯದನ್ನು ಎರಡನೆಯ ಥಪ್ಪಿಯ ಮೇಲೆ ಇಡುತ್ತಿದ್ದೆ. ಥಪ್ಪಿ ಅಂದರೆ ಒಂದರ ಮೇಲೊಂದು ಒಟ್ಟಿದ ಸೀರೆಗಳ ಅಟ್ಟಿ; ಎರಡನೆಯದಕ್ಕೆ ಬೆಲೆ ಕಡಿಮೆ. ನನ್ನ ಹೆಬ್ಬೆರಳಿನ ಮೇಲೆಯೇ ಅಂಗಡಿ ನಡೆದಿದೆ ಎಂದು ಸಾವಕಾರರು ಗಿರಾಕಿಗಳ ಮುಂದೆ ಹೇಳುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಹೋದ ಚಳಿಗಾಲದಲ್ಲಿ ಒಬ್ಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಬೇವೂರಿನ ಒಕ್ಕಲುತನದ ಮನೆಯವಳು. ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತ, ಪಿಎಚ್.ಡಿ.ಗಾಗಿ ಸಂಶೋಧನೆ ಮಾಡುತ್ತಿದ್ದಳು. ಅರ್ಥಶಾಸ್ತ್ರವೆಂದರೆ ಬ್ಯಾಂಕು, ಬಜೆಟ್ಟು ಎಂದು ತಿಳಿದಿದ್ದ ನಾನು, ಅದರಲ್ಲಿ ನನ್ನದೇನು ಕೆಲಸ ಎಂದು ಕೇಳಿದೆ.

“ಈಗ ನಮ್ಮ ಶಾಸ್ತ್ರದಾಗ ಮನುಷ್ಯಾರ ತಲಿನೂ ನೋಡ್ತಾರ್ರಿ ಅಜ್ಜಾರ. ಒಂದು ಮಾಲು ಚಲೋ, ಒಂದು ಕಡಿಮಿ ಅಂತ ಬಲ್ಲವ್ರು ಹೆಂಗ ಹೇಳ್ತಾರ? ಅದ ನನ್ನ ವಿಷಯ” ಅಂದಳು.

ನನ್ನನ್ನು ಬಲ್ಲವನು ಅಂದದ್ದಕ್ಕೆ ಉಬ್ಬಿದೆ. ಒಪ್ಪಿಕೊಂಡೆ.

ಹುನಗುಂದದಲ್ಲಿ ಒಂದು ಮಂಗಲ ಕಾರ್ಯಾಲಯದ ಊಟದ ಹಾಲಿನಲ್ಲಿ ನಮ್ಮನ್ನು ಸೇರಿಸಿದ್ದರು. ಇಳಕಲ್ಲು, ಹುನಗುಂದ, ಬಾಗಲಕೋಟೆಯ ಅಂಗಡಿಗಳಲ್ಲಿ ಸೀರೆ ನೋಡಿ ಮುಪ್ಪಾದ ಗಂಡಸರೇ ಎಲ್ಲ. ಉದ್ದನೆಯ ಟೇಬಲ್ಲುಗಳ ಮೇಲೆ ಸೀರೆಗಳನ್ನು ಹಾಸಿದ್ದರು. ಪ್ರತಿ ಸೀರೆಯ ಪಕ್ಕದಲ್ಲಿ ಮಗ್ಗದ ಮುಂದೆ ಕುಳಿತ ಒಬ್ಬರ ಫೋಟೋ. ಕೆಲವು ಗಂಡಸರದು, ಕೆಲವು ಹೆಂಗಸರದು. ನಾವು ಒಬ್ಬೊಬ್ಬರಾಗಿ ಸೀರೆ ಮುಟ್ಟಿ ನೋಡಿ ನಮ್ಮ ಅಭಿಪ್ರಾಯ ಹೇಳಬೇಕು. ಈ ಪರೀಕ್ಷೆಯ ಪೂರ್ತಿ ಉದ್ದೇಶವನ್ನು ಸಂಜೆ ಹೇಳುತ್ತೇನೆ, ಬೇಡವೆನಿಸಿದವರು ಯಾವಾಗ ಬೇಕಾದರೂ ಎದ್ದು ಹೋಗಬಹುದು ಎಂದು ಅವಳು ಮೊದಲಿಗೇ ತಿಳಿಸಿದಳು.

“ಊಟಕ್ಕ ಕರದು ಸೀರಿ ಬಡಸಾಕತ್ತಾರಲೇ” ಎಂದು ಹುನಗುಂದದ ಒಬ್ಬ ಹಳೆಯ ವ್ಯಾಪಾರಿ ನನ್ನ ಕಿವಿಯಲ್ಲಿ ಹೇಳಿದ. ಅವನು ನನಗೆ ಹರೆಯದಿಂದ ಗೊತ್ತು. ನಗುತ್ತ ಶುರು ಮಾಡಿದೆವು.

ಊಟಕ್ಕೆ ಮುಂಚೆ ನನ್ನ ಎದುರಿಗೆ ಒಂದು ನೀಲಿ ಸೀರೆ ಬಂತು. ಪಕ್ಕದ ಫೋಟೋದಲ್ಲಿ ಕನ್ನಡಕ ಹಾಕಿದ ಒಬ್ಬ ಹೆಣ್ಣುಮಗಳು. ದಡಿ ಜಗ್ಗಿದೆ. ಕೊಂಡಿಯ ಮೇಲೆ ಹೆಬ್ಬೆರಳು ಒತ್ತಿದೆ. ಕೊಂಡಿ ಸಡಿಲವಿದೆ, ಎರಡನೆಯದಕ್ಕೆ ಹಾಕಿರಿ ಅಂದೆ. ಊಟವಾದ ಮೇಲೆ ಒಂದು ಹಸಿರು ಸೀರೆ ಬಂತು. ಫೋಟೋದಲ್ಲಿ ಮೀಸೆ ಬಿಟ್ಟ ಗಂಡಸು. ಕೈ ಅಂದರೆ ಇದು ಎಂದು ಉಳಿದವರಿಗೂ ಕೇಳುವ ಹಾಗೆ ಹೊಗಳಿದೆ.

ಸಂಜೆ ಚಹಾ ಕೊಟ್ಟ ಮೇಲೆ ಅವಳು ನಿಜ ಹೇಳಿದಳು. ಆ ಫೋಟೋಗಳು ನೇಯ್ದವರದಲ್ಲ. ಸೀರೆಗಳೆಲ್ಲ ಜೋಡಿ ಸೀರೆಗಳು. ಒಂದೇ ಮಗ್ಗದಲ್ಲಿ, ಒಂದೇ ಕೈಯಿಂದ, ಒಂದರ ಹಿಂದೊಂದು ಇಳಿದವು. ಬಣ್ಣ ಮಾತ್ರ ಬೇರೆ. ಜೋಡಿಯಲ್ಲಿ ಒಂದರ ಪಕ್ಕ ಹೆಂಗಸಿನ ಫೋಟೋ, ಇನ್ನೊಂದರ ಪಕ್ಕ ಗಂಡಸಿನ ಫೋಟೋ ಇಟ್ಟಿದ್ದಳು. ಹೆಂಗಸಿನ ಫೋಟೋ ಇದ್ದಾಗ ಬಲ್ಲವರಿಗೆ ಹೆಚ್ಚು ದೋಷಗಳು ಕಾಣುತ್ತವೆಯೋ ಎಂದು ತಿಳಿಯುವುದೇ ಅವಳ ಸಂಶೋಧನೆ. ಮೊದಲೇ ಹೇಳದಿದ್ದುದಕ್ಕೆ ಕೈಮುಗಿದು ಕ್ಷಮೆ ಕೇಳಿದಳು. ತಮ್ಮ ಉತ್ತರ ಬೇಡವೆಂದವರದನ್ನು ತೆಗೆದು ಹಾಕುತ್ತೇನೆ ಅಂದಳು. ಯಾರ ಕಡೆಗೂ ಬೊಟ್ಟು ಮಾಡಲಿಲ್ಲ.

ಆಮೇಲೆ ಜೋಡಿಗಳನ್ನು ಹತ್ತಿರ ಹತ್ತಿರ ಹಾಸಿದರು. ನನ್ನ ನೀಲಿಯೂ ಹಸಿರೂ ಅಕ್ಕಪಕ್ಕ ಬಂದವು. ಯಾರೂ ನೋಡದಾಗ ಎರಡರ ಕೊಂಡಿಯ ಮೇಲೂ ಹೆಬ್ಬೆರಳಾಡಿಸಿದೆ. ಏನೂ ಫರಕಿರಲಿಲ್ಲ. ಅವನ್ನು ನೇಯ್ದವರು ಗಂಡೋ ಹೆಣ್ಣೋ, ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

“ಮೇಡಂ, ನಾವು ಸೀರಿ ಬಿಚ್ಚಾಕ ಬಂದೇವಿ ಅಂದ್ಕೊಂಡಿದ್ವಿ. ನೀವು ನಮ್ಮನ್ನ ಬಿಚ್ಚಿ ಮಡಚಿ ಇಟ್ರೆಲ್ರಿ” ಅಂದ ಹುನಗುಂದದ ವ್ಯಾಪಾರಿ. ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ನಾನು.

ಇಳಕಲ್ಲಿಗೆ ಬಂದ ಮೇಲೆ ನಗು ಉಳಿಯಲಿಲ್ಲ. ಕುಳಿತಲ್ಲಿ ಕುಳಿತಿರಲು ಆಗಲಿಲ್ಲ. ಉಣ್ಣುವಾಗ ಟವೆಲ್ಲಿನ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದೆನಂತೆ, ಸೊಸೆ ಹೇಳಿದಳು. ಬಸ್‌ಸ್ಟ್ಯಾಂಡಿಗೆ ಹೋಗಿ ಬಸ್ಸು ನೋಡಿ ತಿರುಗಿ ಬರುತ್ತಿದ್ದೆ. ಯಾಕೆಂದರೆ ಆ ಹಾಲಿನಲ್ಲಿ ಪರೀಕ್ಷೆಯೊಳಗೆ ಮಾಡಿದ್ದನ್ನು ನಾನು ಹಿಂದೆ ಒಮ್ಮೆ ಖರೆಯಾಗಿಯೇ ಮಾಡಿದ್ದೆ. ಅಲ್ಲಿ ಫೋಟೋ ಇರಲಿಲ್ಲ. ನಮ್ಮ ವೈನಿಯೇ ಎದುರಿಗೆ ನಿಂತಿದ್ದರು.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಅಣ್ಣನಿಗೆ ನಮ್ಮ ಓಣಿಯಲ್ಲಿಯೇ ಒಂದು ಕುಣಿಮಗ್ಗವಿತ್ತು. ಆಗ ನಮ್ಮ ಓಣಿಯಲ್ಲಿ ನೂಲು ಸುತ್ತುವುದು, ಕೊಂಡಿ ಹಾಕುವುದು ಹೆಂಗಸರ ಕೆಲಸ. ಮಗ್ಗದ ಕುಣಿಗೆ ಇಳಿದು ನೇಯುವವರು ಗಂಡಸರು. ಅಣ್ಣನ ಕಾಲು ಸ್ವಾಧೀನ ತಪ್ಪಿತು. ಮಗ್ಗ ತುಳಿಯಲು ಆಗದೆ ಹೊರಸಿನ ಮೇಲೆ ಕುಳಿತ. ಕೆಲವು ದಿನ ಮಗ್ಗ ಸುಮ್ಮನಿತ್ತು. ಒಂದು ದಿನ ವೈನಿ ಸೆರಗು ಸಿಗಿಸಿಕೊಂಡು ಕುಣಿಗೆ ಇಳಿದರು. ಅಣ್ಣ ಕುಳಿತಲ್ಲಿಂದಲೇ ಹೇಳಿಕೊಟ್ಟ. ಅವರ ಮನೆಯ ಒಲೆ ಆ ಮಗ್ಗದಿಂದಲೇ ಉರಿಯಬೇಕಿತ್ತು.

ಮೊದಲ ಸೀರೆ ಮಗ್ಗದಿಂದ ಇಳಿದಾಗ ಅಣ್ಣ ಬರಲಾರದ್ದರಿಂದ ವೈನಿಯೇ ಅಂಗಡಿಗೆ ತಂದರು. ಕಡುಗಪ್ಪು ಒಡಲು, ಕೆಂಪು ದಡಿ. ಗಾದಿಯ ಸುತ್ತ ನೇಕಾರರು ತುಂಬಿದ್ದರು. ನಾನು ಸೀರೆ ಬಿಚ್ಚುತ್ತಿದ್ದಂತೆ ಅವರಲ್ಲೊಬ್ಬ ಅಂದ:

“ಮನಿ ಮಾಲು ಬಂತು ನೋಡ್ರಪಾ. ಇನ್ನ ನೋಡೂದೇನೈತಿ, ಕಣ್ಣು ಮುಚ್ಚಿ ಮೊದಲನೇದಕ್ಕ.”

ಸೀರೆಯಲ್ಲಿ ದೋಷವಿರಲಿಲ್ಲ. ಇದ್ದಿದ್ದರೆ ನನ್ನ ಬೆರಳಿಗೆ ಸಿಗುತ್ತಿತ್ತು. ಆದರೆ ಆ ಮಾತು ಚುಚ್ಚಿತು. ನಮ್ಮ ಮನೆಯ ಹೆಂಗಸು ಕುಣಿಗೆ ಇಳಿದದ್ದಕ್ಕೂ ಒಳಗೊಳಗೆ ನನಗೆ ನಾಚಿಕೆಯಿತ್ತು. ಸೀರೆ ಮಡಚಿ ಎರಡನೆಯ ಥಪ್ಪಿಯ ಮೇಲೆ ಇಟ್ಟೆ.

“ಏನು ಕಡಿಮಿ ಐತಿ ತಮ್ಮಾ?” ಎಂದು ವೈನಿ ಕೇಳಿದರು. ಸಿಟ್ಟಿನಿಂದಲ್ಲ. ತಿದ್ದಿಕೊಳ್ಳಬೇಕೆಂದೇ ಕೇಳಿದರು.

ಸೆರಗು ಬಿಚ್ಚಿ ಹೆಬ್ಬೆರಳಿಟ್ಟು, “ಕೊಂಡಿ ಸಡ್ಲ ಐತ್ರಿ ವೈನಿ. ಹೆಣ್ಣಿನ ಕೈಗೆ ಜಗ್ಗು ಬರಂಗಿಲ್ಲ” ಅಂದೆ.

ವೈನಿ ನನ್ನ ಬೆರಳನ್ನು ನೋಡಿದರು. “ನಿಮ್ಮಣ್ಣ ನೇಯುವಾಗೂ ಕೊಂಡಿ ನಾನ ಹಾಕತಿದ್ದೆ. ಒಂದು ದಿನಾನೂ ಸಡ್ಲ ಅನಲಿಲ್ಲಲ್ಲ ನೀ.”

ಆ ಮಾತು ಎಲ್ಲರಿಗೂ ಗೊತ್ತಿದ್ದದ್ದೇ. ಅಣ್ಣನ ಸೀರೆಯ ಕೊಂಡಿಯನ್ನು ಅದೇ ಗಾದಿಯ ಮೇಲೆ ಕುಳಿತು ನಾನೇ ಹೊಗಳುತ್ತಿದ್ದೆ. ಈಗಲಾದರೂ ತಪ್ಪಾಯಿತು ಅನ್ನಬಹುದಿತ್ತು. ನಾನು ಪಕ್ಕದವನ ಸೀರೆ ಎತ್ತಿಕೊಂಡೆ. ವೈನಿ ತಮ್ಮ ಸೀರೆಯನ್ನು ಥಪ್ಪಿಯಿಂದ ತೆಗೆದು, ಎದೆಗವಚಿಕೊಂಡು ಹೊರಟು ಹೋದರು.

ಅವರು ಬೇರೆ ಅಂಗಡಿಗಳಿಗೂ ಹೋದರು. ಸ್ವಂತ ಮೈದುನನೇ ಎರಡನೆಯದಕ್ಕೆ ಹಾಕಿದ ಮಾಲನ್ನು ನಾವು ಹೇಗೆ ಮೊದಲನೆಯದಕ್ಕೆ ಹಾಕುವುದು ಎಂದು ಅಲ್ಲಿಯವರು ಅಂದರಂತೆ. ಕೆಲವು ತಿಂಗಳಿಗೆ ಮಗ್ಗ ಬಿಚ್ಚಿದರು. ಅಣ್ಣನನ್ನು ಕರೆದುಕೊಂಡು ವೈನಿ ತಮ್ಮ ತವರು ಗುಳೇದಗುಡ್ಡಕ್ಕೆ ಹೋಗಿ, ಅಲ್ಲಿ ಸಂಬಂಧಿಕರ ಮನೆಯಲ್ಲಿ ಕುಬಸದ ಖಣ ನೇಯುತ್ತ ಸಂಸಾರ ನಡೆಸಿದರು. ಅಣ್ಣ ಅಲ್ಲಿಯೇ ತೀರಿಕೊಂಡ. ಮಣ್ಣಿಗೆ ಹೋದಾಗಲೂ ನಾನು ಬಾಯಿ ಬಿಡಲಿಲ್ಲ. ಇತ್ತ ಇಳಕಲ್ಲಿನಲ್ಲಿ ನನಗೆ ಹೆಸರು ಬಂದಿತ್ತು. ಮನೆಯವರೆಂದೂ ನೋಡದ ಮನುಷ್ಯ ಅನ್ನುತ್ತಿದ್ದರು. ಆ ಹೆಸರಿನ ಮೇಲೆ ಇಷ್ಟು ವರ್ಷ ಬದುಕಿದೆ.

ಹುನಗುಂದದ ಆ ದಿನವಾದ ಮೇಲೆ ತಡೆಯಲಾರದೆ ಒಂದು ಬೆಳಿಗ್ಗೆ ಬಾಗಲಕೋಟೆಗೆ ಹೋದೆ. ವಿದ್ಯಾಗಿರಿಯಲ್ಲಿ ಕಾಲೇಜು ಹುಡುಕಿ, ಆ ಹುಡುಗಿಯ ಪಾಠ ಮುಗಿಯುವತನಕ ಬೇವಿನ ಗಿಡದ ಕೆಳಗೆ ಅಡ್ಡಾಡಿದೆ. ಬಂದವಳಿಗೆ ನನ್ನ ಉತ್ತರ ತೆಗೆದು ಹಾಕು ಅಂದೆ. ತೆಗೆಯುತ್ತೇನೆ, ಅದು ನಿಮ್ಮ ಹಕ್ಕು ಅಂದಳು. ಅಷ್ಟಕ್ಕೆ ಹೊರಡಬೇಕಾದವನು ಹೊರಡದೆ ವೈನಿಯ ಸಂಗತಿಯನ್ನೆಲ್ಲ ಹೇಳಿಬಿಟ್ಟೆ. ಹೇಳಿ, ಮೊಮ್ಮಗಳ ವಯಸ್ಸಿನ ಆ ಹುಡುಗಿಗೆ ತಪ್ಪಾತವ್ವಾ ಎಂದು ಕೈಮುಗಿದೆ.

ಅವಳು ನನ್ನ ಕೈ ಬಿಡಿಸಿದಳು. “ಇದನ್ನ ನನ್ನ ಮುಂದ ಅಂದ್ರ ಏನು ಬಂತ್ರಿ ಅಜ್ಜಾರ? ಅವರು ಅದಾರೇನು?”

“ಅದಾರ. ಗುಳೇದಗುಡ್ಡದಾಗ.”

“ಬಸ್ಸು ಇಲ್ಲಿಂದನ ಐತೆಲ್ರಿ” ಅಂದಳು.

ಉತ್ತರ ಇರಲಿ, ತೆಗೆಯಬೇಡ ಎಂದು ಹೇಳಿ ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಕೊಂಡು ಬಾದಾಮಿಯ ಬಸ್ಸು ಹತ್ತಿದೆ. ಅದು ಗುಳೇದಗುಡ್ಡದ ಮೇಲೆ ಹೋಗುತ್ತದೆ. ದಾರಿಯುದ್ದಕ್ಕೂ ಮೊದಲ ಮಾತು ಏನಾಡಬೇಕೆಂದು ಜೋಡಿಸಿಕೊಂಡೆ. ಗುಳೇದಗುಡ್ಡ ಬಂತು. ಇಳಿಯುವವರು ಇಳಿದರು. ಕಂಡಕ್ಟರ್ ನನ್ನ ಮುಖ ನೋಡಿದ. ಬಾದಾಮಿತನಕ ಟಿಕೀಟು ಕೊಡಪಾ ಅಂದೆ.

ಬಾದಾಮಿಯಲ್ಲಿ ನನಗೆ ಯಾರೂ ಇಲ್ಲ. ಹೊಂಡದ ದಂಡೆಗೆ ಹೋಗಿ ಮೆಟ್ಟಿಲಿನ ಮೇಲೆ ಕುಳಿತೆ. ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಪಕ್ಕದ ಕಲ್ಲಿನ ಮೇಲೆ ಹಿಂಡಿಟ್ಟ ಸೀರೆಯೊಂದರ ಸೆರಗಿನ ಮೇಲೆ ಕಣ್ಣು ಹೋಯಿತು, ಎದ್ದು ಬೇರೆ ಕಡೆ ಕುಳಿತೆ. ಅಲ್ಲಿ ಮಂಗಗಳು ಬಂದು ವೈನಿಗೆಂದು ತಂದ ಬಾಳೆಹಣ್ಣನ್ನು ಚೀಲದ ಸಮೇತ ಒಯ್ದವು. ಒಗೆಯುತ್ತಿದ್ದ ಹುಡುಗಿಯರು ಬಾಯಿಗೆ ಸೆರಗಿಟ್ಟು ನಕ್ಕರು. ನನಗೆ ಯಾಕೋ ಅದರಿಂದ ಧೈರ್ಯ ಬಂತು. ತಿರುಗಿ ಬರುವ ಬಸ್ಸು ಹತ್ತಿ, ಈ ಸಲ ಗುಳೇದಗುಡ್ಡದಲ್ಲಿ ಇಳಿದೆ.

ಓಣಿಯಲ್ಲಿ ಮನೆಮನೆಯಿಂದ ಮಗ್ಗದ ಸಪ್ಪಳ. ವೈನಿ ಮಗಳ ಮನೆಯಲ್ಲಿದ್ದಾರೆ. ಮಗಳು ಒಳಗೆ ಖಣ ನೇಯುತ್ತಿದ್ದಳು. ವೈನಿ ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಕಣ್ಣು ಕಿರಿದು ಮಾಡಿ ನೋಡಿ ಗುರುತು ಹಿಡಿದರು. ಕೌದಿ ಹಾಸಿ ಕುಳ್ಳಿರಿಸಿದರು.

“ಬರಿಗೈಲೆ ಬಂದೇನ್ರಿ ವೈನಿ. ಬಾಳೆಹಣ್ಣು ತಂದಿದ್ದೆ, ಬಾದಾಮ್ಯಾಗ ಮಂಗ್ಯಾಗೋಳು ಒಯ್ದ್ವು.”

“ಇಳಕಲ್ಲಿಂದ ಇಲ್ಲಿಗೆ ಬರಾಕ ಬಾದಾಮಿಗೆ ಯಾಕ ಹೋಗಿದ್ದಿ?”

ಅವರು ನಗುತ್ತ ಚಹಾಕ್ಕೆ ಇಡಲು ಒಳಗೆ ಹೋದರು. ಕೌದಿಯ ಮೇಲೆ ಊರಿದ ನನ್ನ ಕೈ ತನ್ನಷ್ಟಕ್ಕೆ ಆಡುತ್ತಿತ್ತು. ಹಳೆಯ ಬಟ್ಟೆಗಳನ್ನು ಕೂಡಿಸಿ ಹೊಲಿದ ಕೌದಿ. ಒಂದು ಕಡೆ ಹೆಬ್ಬೆರಳಿಗೆ ಕೊಂಡಿ ಸಿಕ್ಕಿತು. ಬಾಗಿ ನೋಡಿದೆ. ಒಡಲಿನ ಕಪ್ಪು ಬೂದಿಯಾಗಿತ್ತು, ಕೆಂಪು ದಡಿ ಇಟ್ಟಂಗಿ ಬಣ್ಣಕ್ಕೆ ತಿರುಗಿತ್ತು. ಅದೇ ಸೀರೆ. ನಾನು ನೋಡಿದ ಸೀರೆಗಳಲ್ಲಿ ಅದೊಂದನ್ನು ಮರೆತಿರಲಿಲ್ಲ. ಒಡಲು ಅಲ್ಲಲ್ಲಿ ಜಾಳಾಗಿ ಒಳಗಿನ ಬಟ್ಟೆ ಕಾಣುತ್ತಿತ್ತು. ಕೊಂಡಿ ಮಾತ್ರ ಒಂದು ಎಳೆಯೂ ಬಿಟ್ಟಿರಲಿಲ್ಲ. ಎರಡೂ ಕಡೆ ಹಿಡಿದು ಜಗ್ಗಿದೆ. ಗಾದಿಯ ಮೇಲೆ ಜಗ್ಗಿದ್ದಕ್ಕಿಂತ ಜೋರಾಗಿಯೇ ಜಗ್ಗಿದೆ.

“ಏನು ನೋಡಾಕತ್ತಿ?”

ವೈನಿ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಜೋಡಿಸಿಕೊಂಡ ಮಾತೆಲ್ಲ ನಾಲಿಗೆಯ ತುದಿಗೆ ಬಂದಿತ್ತು.

“ಏನಿಲ್ರಿ ವೈನಿ. ಕೌದಿ ಚಲೋ ಹೊಲದೀರಿ.”

“ಸೀರಿ ಗಟ್ಟಿ ಇತ್ತು. ಭಾಳ ದಿನ ಉಟ್ಟೆ” ಅಂದರು. ಕಪ್ಪನ್ನು ನನ್ನ ಮುಂದಿಟ್ಟು ಮತ್ತೆ ಶೇಂಗಾ ಸುಲಿಯಲು ಕುಳಿತರು. ನಾನು ಬಿಸಿ ಆರುವ ಮುಂಚೆಯೇ ಕುಡಿದು, ಕತ್ತಲಾಗುತ್ತದೆ ಎಂದು ಹೇಳಿ ಎದ್ದೆ. ಕತ್ತಲಾಗಲು ಇನ್ನೂ ಹೊತ್ತಿತ್ತು. ಇಷ್ಟು ಶೇಂಗಾ ತಗೊಂಡು ಹೋಗು ಎಂದು ಗಂಟು ಕಟ್ಟಿಕೊಟ್ಟರು. ತೆಗೆದುಕೊಂಡು ಬಂದೆ.

ಆ ಹುಡುಗಿಯ ಪ್ರಬಂಧ ಈಗ ಇಂಗ್ಲಿಷಿನಲ್ಲಿ ಅಚ್ಚಾಗಿದೆಯಂತೆ. ಅದರಲ್ಲಿ ನಮ್ಮ ಯಾರ ಹೆಸರೂ ಇಲ್ಲ, ಹೆದರಬೇಡಿರಿ ಎಂದು ಫೋನಿನಲ್ಲಿ ಹೇಳಿದಳು. ಹೆಸರಿಲ್ಲದ್ದರಿಂದ ನನಗೆ ಸಮಾಧಾನವಾಗಲಿಲ್ಲ. ಬರುವ ಸೋಮವಾರ ಗುಳೇದಗುಡ್ಡಕ್ಕೆ ಹೋಗುತ್ತೇನೆ ಎಂದು ಇಲ್ಲಿ ಬರೆದೆ, ಬರೆದು ಹೊಡೆದು ಹಾಕಿದೆ, ಮತ್ತೆ ಬರೆದಿದ್ದೇನೆ. ಹೋದರೂ ಬಾಯಿ ಬರುತ್ತದೆಯೋ ಇಲ್ಲವೋ ಗೊತ್ತಿಲ್ಲ. ಅದಕ್ಕೆ ಅಂದು ಗಾದಿಯ ಮೇಲೆ ಎಲ್ಲರ ಮುಂದೆ ಆಡಬೇಕಾಗಿದ್ದ ಮಾತನ್ನು ಇಲ್ಲಿ ಬರೆಯುತ್ತೇನೆ. ಕೊಂಡಿ ಗಟ್ಟಿಯಿತ್ತು. ಅದು ಮೊದಲನೆಯ ಥಪ್ಪಿಯ ಸೀರೆ. ಅದನ್ನು ನೇಯ್ದವರು ನನ್ನ ವೈನಿ. ಅವರಿಗೆ ನಾನು ಇನ್ನೂ ತಪ್ಪಾಯಿತು ಅಂದಿಲ್ಲ.