ನಾನು ಹೇಳಿದ ಐದು ಗಂಟೆ

ಬೆಳಗ್ಗೆ ಐದಕ್ಕೆ ತಲೆಗೆ ಟಾರ್ಚ್ ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಹೊರಟಿದ್ದೆ. ಚಹಾ ಕೊಡುತ್ತಾ ಹೆಂಡತಿ, "ಎಡಗೈ ಜೋಮು ಹಿಡಿದ ಹಾಗೆ ಉಂಟು" ಎಂದಳು.

"ಅದರ ಮೇಲೆಯೇ ಮಲಗಿದ್ದಿ ಮಾರಾಯ್ತಿ. ಎಂತ ಗೊರಕೆ ನಿನ್ನದು."

"ನಿಮ್ಮ ಗೊರಕೆಗೆ ನನಗೆ ಎಚ್ಚರ ಆದದ್ದು" ಎಂದು ಕೈ ಕೊಡವಿದಳು. ನಾನು ನಗುತ್ತಾ ಗುಡ್ಡೆ ಹತ್ತಿದೆ.

ಎಂಟಕ್ಕೆ ಇಳಿದು ಬಂದಾಗ ರಬ್ಬರ್ ಶೀಟ್ ಒತ್ತುವ ಶೆಡ್ಡಿನಲ್ಲಿ ಬಿದ್ದಿದ್ದಳು. ಬಾಯಿ ಓರೆಯಾಗಿತ್ತು, ಎಡಭಾಗ ಅಲುಗುತ್ತಿರಲಿಲ್ಲ. ನೆರೆಮನೆಯವರ ಜೀಪಿನಲ್ಲಿ ಕಕ್ಕಿಂಜೆಯಿಂದ ಬೆಳ್ತಂಗಡಿಗೆ ಓಡಿದೆವು. ಅಲ್ಲಿ ನೋಡಿದವರು ಮಂಗಳೂರಿಗೇ ಹೋಗಿ ಎಂದರು. ಬಂಟ್ವಾಳ ದಾಟುವಾಗ ಲಾರಿಗಳ ಸಾಲು. ಆಸ್ಪತ್ರೆ ಮುಟ್ಟುವಾಗ ಹತ್ತೂವರೆ.

"ಯಾವಾಗ ಶುರುವಾದದ್ದು?" ಡಾಕ್ಟರು ಮೊದಲು ಕೇಳಿದ್ದು ಅದನ್ನೇ. "ನಾಲ್ಕೂವರೆ ಗಂಟೆಯ ಒಳಗಾದ್ರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಂಟು. ದಾಟಿದ್ರೆ ಮೆದುಳಲ್ಲಿ ರಕ್ತ ಸೋರುವ ಭಯ."

ಏಳು ಗಂಟೆ ಎಂದುಬಿಡುವ ಎನಿಸಿತು. ಸುಳ್ಳು ಹೇಳಿ ಅವಳನ್ನು ಕೊಂದರೆ?

"ಐದಕ್ಕೆ ಕೈ ಜೋಮು ಅಂದಿದ್ಳು."

"ಆಮೇಲೆ ಕೈ ಸರಿಯಾಯ್ತಾ?"

"ಗೊತ್ತಿಲ್ಲ ಡಾಕ್ಟ್ರೇ. ನಾನು ಗುಡ್ಡೆಯಲ್ಲಿದ್ದೆ."

ಅವರು ಗಡಿಯಾರ ನೋಡಿದರು. ಇಂಜೆಕ್ಷನ್ ಕೊಡಲಿಲ್ಲ. "ಈ ಸ್ಟ್ರೋಕ್ ಬೆಳಗ್ಗಿನ ಹೊತ್ತಿಗೇ ಜಾಸ್ತಿ ಬರುವುದು. ಏಳುವಾಗ ಬಿಪಿ ಏರ್ತದೆ. ಸರಿಯಾದ ಹೊತ್ತು ಹೇಳ್ಲಿಕ್ಕೆ ಸುಮಾರು ಜನರಿಗೆ ಆಗುವುದಿಲ್ಲ" ಎಂದರು. ಸಮಾಧಾನಕ್ಕೆ ಹೇಳಿದ್ದಿರಬೇಕು.

ಮರುದಿನ ಸಂಜೆ ಬಟ್ಟೆ ತರಲು ಮನೆಗೆ ಬಂದೆ. ಶೆಡ್ಡಿನ ಹಿಂದಿನ ಹಗ್ಗದಲ್ಲಿ ಮುನ್ನಾದಿನ ಬೆಳಗ್ಗೆ ಅವಳು ಒತ್ತಿದ ಎಂಟು ರಬ್ಬರ್ ಶೀಟುಗಳಿದ್ದವು. ಅಂಚಿಗೆ ಅಂಚು ಸರಿಯಾಗಿ ಹರಡಿದ್ದಳು. ಒಂಬತ್ತನೆಯದು ಮೆಷಿನಿನ ರೋಲರುಗಳ ನಡುವೆ ಅರ್ಧಕ್ಕೆ ನಿಂತಿತ್ತು.

ಆ ಮೆಷಿನಿಗೆ ಎರಡು ಕೈ ಬೇಕು. ಬಲಗೈ ಹಿಡಿಯನ್ನು ತಿರುಗಿಸುವಾಗ ಎಡಗೈ ಶೀಟನ್ನು ಒಳಗೆ ದೂಡಬೇಕು. ಶೆಡ್ಡಿನಲ್ಲಿ ಲೈಟಿಲ್ಲ, ಬೆಳಕು ಹರಿದ ಮೇಲೆಯೇ ಅವಳು ಹಿಂದಿನ ದಿನದ ಹಾಲಿನ ಶೀಟ್ ಒತ್ತಲು ಕೂರುವುದು. ಹಾಗಾದರೆ ಆರೂವರೆಯ ಮೇಲೂ ಅವಳ ಎಡಗೈ ಚೆನ್ನಾಗಿಯೇ ಇತ್ತು. ಗಂಟೆಯನ್ನು ಅಲ್ಲಿಂದ ಎಣಿಸಬೇಕಿತ್ತು; ಆಸ್ಪತ್ರೆ ಮುಟ್ಟುವಾಗ ನಾಲ್ಕು ಗಂಟೆಯೂ ಆಗಿರಲಿಲ್ಲ. ಅವಳನ್ನು ಎತ್ತುವ ಗಡಿಬಿಡಿಯಲ್ಲಿ ನಾನು ಹಗ್ಗದ ಕಡೆ ನೋಡಲೇ ಇಲ್ಲ.

ಈಗ ದಿನಾ ಐದಕ್ಕೆ, ಟ್ಯಾಪಿಂಗ್ ಕತ್ತಿ ತೆಗೆದುಕೊಳ್ಳುವ ಮೊದಲು, "ಕೈ ಎತ್ತು ನೋಡುವ" ಎನ್ನುತ್ತೇನೆ. ಎಡಗೈ ಹೊದಿಕೆಯ ಮೇಲೆ ಹಾಗೇ ಇರುತ್ತದೆ.

"ಆ ದಿನ ಎಂಟು ಶೀಟ್ ಒತ್ತಿದ್ದೆ ಅಲ್ವಾ?" ತೊದಲುತ್ತಾ ಕೇಳುತ್ತಾಳೆ.

"ಹೌದು" ಎನ್ನುತ್ತೇನೆ. ಉಳಿದದ್ದನ್ನು ಇನ್ನೂ ಹೇಳಿಲ್ಲ.